ಹೊಂಗಿಯದೋ, ನನ್ನದೋ

"ಅಕ್ಕಾ, ನಾಳೆ ಬೆಳಿಗ್ಗೆ ಬೆಂಚಿನ ಕಡೆ ಬರ್ಬ್ಯಾಡ. ನಿನ್ ಕೈ ಮುಗಿತೀನಿ," ಅಂದ ದಸ್ತಗೀರ.

ನಾನು ಲಾಯದ ಹಿಂದಿನ ಅಡುಗೆ ಚಪ್ಪರದಲ್ಲಿ ಹುರುಳಿ ಬೇಯುತ್ತಿದ್ದ ಹಂಡೆಯನ್ನು ತಿರುವುತ್ತಿದ್ದೆ. ನಲವತ್ತೆರಡು ರೇಸು ಕುದುರೆಗಳಿಗೆ ಹುರುಳಿ, ಬಾರ್ಲಿ ಬೇಯಿಸುವುದು ಇಪ್ಪತ್ತೆರಡು ವರ್ಷದಿಂದ ನನ್ನ ಕೆಲಸ. ದಸ್ತಗೀರ ಕುದುರೆಗಳ ಮೈ ತಿಕ್ಕಿ, ಕಾಲು ನೀವಿ, ಅವುಗಳ ಜೊತೆಗೇ ಬೆಳೆದವನು. ಆರಡಿ ಎತ್ತರದ ಆಳು, ಆವತ್ತು ಒಲೆಯ ಮುಂದೆ ಕುಕ್ಕರುಗಾಲಲ್ಲಿ ಕುಳಿತು ಕಡ್ಡಿಯಿಂದ ಬೂದಿ ಗೀಚುತ್ತಿದ್ದ. ಅವನು ನನ್ನನ್ನು ಏನನ್ನಾದರೂ ಬೇಡಿದ್ದು ಅದೇ ಮೊದಲು.

"ಎದೆ ಹಾರ್ತಾ ಐತಲ್ಲೋ. ಹೇಳ್ದೆ ಇರೋದು ಹೆಂಗೆ?" ಅಂದೆ.

"ಹಾರ್ಲಿ. ಇನ್ನೊಂಬತ್ತು ದಿನ ಹಾರ್ಲಿ. ರೇಸು ಮುಗಿದ್ಮ್ಯಾಗೆ ಹೇಳು."

ನಮ್ಮೂರಿನಲ್ಲಿ ಪ್ರತಿಯೊಂದು ರೇಸು ಕುದುರೆಗೂ ಊರೊಳಗೆ ಒಬ್ಬರು ಇರುತ್ತಾರೆ. ಕುದುರೆಗೆ ಬರಲಿರುವ ನೋವು ಮೂರು ದಿನ ಮುಂಚೆ ಅವರಿಗೆ ಬರುತ್ತದೆ. ಯಾರಿಗೆ ಯಾವ ಕುದುರೆ ಬರುತ್ತದೆ ಎಂದು ಯಾರೂ ಆರಿಸುವುದಿಲ್ಲ, ಬಂದ ಮೇಲೆ ತಿಳಿಯುತ್ತದೆ. ಟೈಲರ್ ನಂಜುಂಡಪ್ಪನ ಬೆರಳ ತುದಿ ಊದಿಕೊಂಡರೆ ಹೆಂಗಸರು ರವಿಕೆ ಕೇಳುವುದನ್ನು ವಾರ ಮುಂದಕ್ಕೆ ಹಾಕುತ್ತಾರೆ, ಯಾವುದೋ ಗೊರಸಿನಲ್ಲಿ ಕೀವು ತುಂಬುವುದಿದೆ ಎಂದು ಅವರಿಗೆ ಗೊತ್ತು. ಹೆಣ್ಣು ನೋಡಲು ಬಂದವರು ಹುಡುಗಿಗೆ ಯಾವ ಕುದುರೆ, ಅದರ ಸ್ವಭಾವ ಹೇಗೆ ಎಂದು ಕೇಳಿಯೇ ಕಾಫಿ ಲೋಟ ಕೈಗೆ ತೆಗೆದುಕೊಳ್ಳುವುದು. ಹೊಸ ನೋವು ಕಂಡವರು ಬಿಸಿಲು ಏರುವ ಮುಂಚೆ ಲಾಯದ ಗೇಟಿನ ಬಳಿಯ ಕಲ್ಲುಬೆಂಚಿಗೆ ಬಂದು ಹೇಳಬೇಕು. ಗೇಟು ಕಾಯುವ ಚೂಡಪ್ಪ ಪುಸ್ತಕದಲ್ಲಿ ಬರೆದುಕೊಂಡು ಒಂದು ಅಚ್ಚು ಬೆಲ್ಲ ಕೊಡುತ್ತಾನೆ. ಆ ಕುದುರೆಗೆ ಒಂದು ವಾರ ಓಟವಿಲ್ಲ. ಇಷ್ಟೇ ನಮ್ಮ ಪದ್ಧತಿ.

ಕಾಲಿನ ನೋವನ್ನು ಎಷ್ಟು ಸಲ ಬೇಕಾದರೂ ಹೇಳಬಹುದು. ಎದೆಯದ್ದು ಮಾತ್ರ ಹಾಗಲ್ಲ. ಮೂರು ಸಲ ಎದೆ ಎಂದು ಬರೆಸಿದರೆ ಆ ಕುದುರೆಯ ಹೆಸರು ಹೊಡೆದುಹಾಕಿ ಊರಿನಿಂದಾಚೆಗೆ ಕಳುಹಿಸುತ್ತಾರೆ. ಓಟದ ನಡುವೆ ಗುಂಡಿಗೆ ನಿಂತರೆ ಕುದುರೆಯೊಂದೇ ಬೀಳುವುದಿಲ್ಲವಲ್ಲ, ಮೇಲೆ ಕೂತವನೂ ಇದ್ದಾನೆ.

ನನಗೆ ಬಂದದ್ದು ಹೊಂಗೆಹೂ ಎನ್ನುವ ಕಂದು ಹೆಣ್ಣು ಕುದುರೆ. ಲಾಯದಲ್ಲಿ ಎಲ್ಲರಿಗೂ ಅವಳು ಹೊಂಗಿ. ಎರಡು ವರ್ಷದ ಮರಿಯಾಗಿ ಅವಳು ಬಂದ ವಾರ ನನ್ನ ದವಡೆ ಊದಿಕೊಂಡಿತು, ಮೂರನೇ ದಿನಕ್ಕೆ ಅವಳಿಗೆ ಹಲ್ಲು ಮೂಡಿತು, ಆಗ ತಿಳಿಯಿತು. ಮಕ್ಕಳಿಲ್ಲದ ನನಗೆ ಅವಳ ಹಲ್ಲುನೋವು ಕೂಡ ಇಷ್ಟವಾಗಿತ್ತು ಎಂದರೆ ನೀವು ನಗಬಹುದು. ಅವಳನ್ನು ಆವತ್ತಿನಿಂದ ಸಾಕಿದವನು ದಸ್ತಗೀರ. ಪಟಾಕಿ ಸದ್ದಿಗೆ ಅವಳು ಕಿವಿ ಮಡಚಿ ಮೂಲೆ ಸೇರುತ್ತಾಳೆ, ಆಗ ಅವನ ಭುಜದ ಮೇಲೆ ಗದ್ದ ಇಟ್ಟರೇ ಸಮಾಧಾನ. ಊರಾಚೆ ಹೋದ ಕುದುರೆಗಳನ್ನು ಕೊಳ್ಳುವವರು ಮದುವೆ ಮೆರವಣಿಗೆಯವರು. ಅಲ್ಲಿ ಹೆಜ್ಜೆಹೆಜ್ಜೆಗೂ ಪಟಾಕಿ.

ತಿಂಗಳಿನಿಂದ ನನ್ನ ಎದೆಯೊಳಗೆ ಏನೋ ತಪ್ಪು ಹೆಜ್ಜೆ ಹಾಕುತ್ತಿತ್ತು. ಬಾವಿಯಿಂದ ನೀರು ಸೇದಿ ನಿಂತರೆ ಎದೆಯಲ್ಲಿ ಹಕ್ಕಿ ಸಿಕ್ಕಿಹಾಕಿಕೊಂಡಂತೆ ಪಟಪಟ, ಆಮೇಲೆ ಒಂದು ಕ್ಷಣ ಏನೂ ಇಲ್ಲ, ಮತ್ತೆ ಪಟಪಟ. ಎರಡು ಸಲ ಬೆಂಚಿನಲ್ಲಿ ಬರೆಸಿದ್ದೆ. ಎರಡು ಸಲವೂ ಹೊಂಗಿಗೆ ವಿಶ್ರಾಂತಿ ಕೊಟ್ಟರು, ಅವಳಿಗೆ ಏನೂ ಆಗಲಿಲ್ಲ. ಸಮಯಕ್ಕೆ ಸರಿಯಾಗಿ ಹೇಳಿದೆ, ಕುದುರೆ ಉಳಿಯಿತು ಎಂದು ಎಲ್ಲರೂ ನನ್ನನ್ನು ಹೊಗಳಿದರು. ಈಗ ಮೂರನೇ ಸಲ.

ಹೇಳದೆ ಇದ್ದರೇನಾಗುತ್ತದೆ ಎನ್ನುವುದೂ ನನಗೆ ಗೊತ್ತಿತ್ತು. ನಮ್ಮೂರ ಅಂಚೆಯವನು ಒಮ್ಮೆ ತನ್ನ ಕಾಲುನೋವನ್ನು ನುಂಗಿಕೊಂಡಿದ್ದ, ಅವನ ಕುದುರೆ ಗೆಲ್ಲಲಿ ಎಂಬ ಆಸೆ. ಕೊನೆಯ ತಿರುವಿನಲ್ಲಿ ಅದರ ಕಾಲು ಮುರಿಯಿತು, ಅಡ್ಡಪರದೆ ಹಿಡಿದು ಅಲ್ಲಿಯೇ ಅದನ್ನು ಮುಗಿಸಬೇಕಾಯಿತು. ಅಂಚೆಯವನು ಇಂದಿಗೂ ಲಾಯದ ಕಾಗದಗಳನ್ನು ಬೇರೆಯವರ ಕೈಲಿ ಕಳಿಸಿ ಸುತ್ತಿನ ದಾರಿಯಲ್ಲಿ ಹೋಗುತ್ತಾನೆ. ಅದಕ್ಕೆ ಎದುರಾಗಿ ನಮ್ಮ ಯಜಮಾನರು, ನನ್ನ ಗಂಡ. ಹತ್ತೊಂಬತ್ತು ವರ್ಷದ ಹಿಂದೆ ಅವರಿಗೆ ಎದೆ ಹಿಂಡಿದಂತಾಯಿತು. ಬೆಂಚಿಗೆ ಹೋಗಿ ಬರೆಸಿ, ಬೆಲ್ಲದಚ್ಚು ಹಿಡಿದು ನಗುತ್ತಾ ಮನೆಗೆ ಬಂದರು. ಮೂರನೇ ದಿನ ತೀರಿಕೊಂಡರು. ಅವರ ಕುದುರೆ ಗುಡುಗು ವಿಶ್ರಾಂತಿಯಲ್ಲಿ ಉಳಿದು ಆಮೇಲೆ ಏಳು ವರ್ಷ ಓಡಿತು. ಕುದುರೆಯ ಸಾವನ್ನು ತಾನೇ ಹೊತ್ತುಕೊಂಡ ಮನುಷ್ಯ ಎಂದು ಅವರ ಫೋಟೋವನ್ನು ಲಾಯದ ಆಫೀಸಿನಲ್ಲಿ ಗುಡುಗಿನ ಫೋಟೋದ ಪಕ್ಕ ಹಾಕಿದ್ದಾರೆ. ಆ ಬೆಲ್ಲದಚ್ಚು ಒಂದು ತಗಡಿನ ಡಬ್ಬಿಯಲ್ಲಿ ನಮ್ಮ ಮನೆಯ ಅಟ್ಟಣಿಗೆಯ ಮೇಲಿತ್ತು.

ಮಾರನೇ ದಿನ ನಾನು ಬೆಂಚಿಗೆ ಹೋಗಲಿಲ್ಲ. ಸುಮ್ಮನೆಯೂ ಇರಲಿಲ್ಲ. ಜೀನುಗಳನ್ನು ಇಡುವ ಹಳೇ ಕೋಣೆಯಲ್ಲಿ ಕೂರುತ್ತಿದ್ದ ಡಾಕ್ಟರ್ ಹೈಮವತಿಯ ಹತ್ತಿರ ಹೋದೆ.

ಆಕೆ ಕುದುರೆ ಡಾಕ್ಟರು. ಓಡುವ ಕುದುರೆಗಳ ಮೂಳೆ ಯಾಕೆ ಬಿರುಕು ಬಿಡುತ್ತದೆ, ಗುಂಡಿಗೆ ಯಾಕೆ ತಾಳ ತಪ್ಪುತ್ತದೆ ಎಂದು ಸಂಶೋಧನೆ ಮಾಡಲು ಒಂದು ವರ್ಷದ ಮಟ್ಟಿಗೆ ಬಂದಿದ್ದರು. ಬಂದ ವಾರವೇ ಚೂಡಪ್ಪನ ಪುಸ್ತಕ ಓದಿ ಆಶ್ಚರ್ಯಪಡದೆ ತಮ್ಮ ಕಾಗದದಲ್ಲಿ ಇನ್ನೊಂದು ಗೆರೆ ಎಳೆದುಕೊಂಡರು, ಮೇಲೆ "ಊರಿನವರ ನೋವು" ಎಂದು ಬರೆದರು. ಅಲ್ಲಿಯವರೆಗೆ ಯಾರಾದರೂ ಮಣಿಕಟ್ಟು ನೋವು ಎಂದರೆ ನಾವು ಕುದುರೆಯ ಗೊರಸಿನ ಮೇಲ್ಗಡೆ ಪಟ್ಟಿ ಸುತ್ತುತ್ತಿದ್ದೆವು. ಮನುಷ್ಯನ ಅಂಗೈ ಮೇಲಿನದು ಮಣಿಕಟ್ಟು, ಕುದುರೆಯ ಗೊರಸಿನ ಮೇಲಿನದೂ ಅದೇ ತಾನೆ ಎಂಬ ಲೆಕ್ಕ. ಡಾಕ್ಟರು ಮೂಳೆಯ ಚಿತ್ರ ಹರಡಿ ತೋರಿಸಿದರು. ಕುದುರೆಯ ಮುಂಗಾಲಿನಲ್ಲಿ ನಾವು ಮೊಣಕಾಲು ಎನ್ನುವುದೇ ಅದರ ಮಣಿಕಟ್ಟಂತೆ, ಅಲ್ಲಿಂದ ಕೆಳಗಿರುವುದೆಲ್ಲ ನಮ್ಮ ನಡುಬೆರಳಿನ ಸಾಲು, ಗೊರಸು ಅದರ ಉಗುರು. ಮುಂದಿನ ಸಲ ನಮ್ಮೂರ ಶಾಲೆ ಮೇಷ್ಟ್ರ ಮಣಿಕಟ್ಟು ನೋವಿಗೆ ಅವರ ಕುದುರೆಯ ಮೊಣಕಾಲಿನ ಎಕ್ಸ್‌ರೇ ತೆಗೆದರೆ ಕೂದಲೆಳೆಯಂಥ ಬಿರುಕು ಸಿಕ್ಕಿತು. ಚೂಡಪ್ಪ ತನ್ನ ನಡುಬೆರಳನ್ನು ಎತ್ತಿ ಹಿಡಿದು ನೋಡುತ್ತಾ, "ಇಷ್ಟು ವರ್ಷ ಇವು ಒಂದೊಂದೇ ಉಗುರ ಮ್ಯಾಲೆ ಓಡ್ತಿದ್ವಾ, ಪಾಪ," ಅಂದಿದ್ದ.

ಹುರುಳಿ ಮೂಟೆಗಳ ಮೇಲಿನ ಅಕ್ಷರ ಕೂಡಿಸಿ ಕೂಡಿಸಿ ಓದು ಕಲಿತವಳು ನಾನು. ಡಾಕ್ಟರು ಗೋಡೆಗೆ ಅಂಟಿಸುತ್ತಿದ್ದ ಗುಂಡಿಗೆ ಬಡಿತದ ಗೆರೆಗಳನ್ನೂ ಹಾಗೆಯೇ ನೋಡುತ್ತಾ ನಿಲ್ಲುತ್ತಿದ್ದೆ, ಅವರೂ ಬೇಸರವಿಲ್ಲದೆ ಹೇಳಿಕೊಡುತ್ತಿದ್ದರು. ಆವತ್ತು ಎಲ್ಲವನ್ನೂ ಒಂದೇ ಉಸಿರಿಗೆ ಹೇಳಿದೆ. ಅವರು ತಿರುಗಿ ಪ್ರಶ್ನೆ ಕೇಳಿದರು. ನನ್ನ ಎದೆ ಹಾರುವುದು ಹೊಂಗಿ ಓಡುವುದಕ್ಕೆ ಸರಿಯಾಗಿ ಮೂರು ದಿನ ಮುಂಚೆಯೋ, ಸುಮ್ಮನೆ ಯಾವಾಗ ಬೇಕಾದರೆ ಆವಾಗಲೋ? ಹೊಂಗಿ ವಿಶ್ರಾಂತಿಯಲ್ಲಿದ್ದ ವಾರಗಳಲ್ಲೂ ಹಾರಿತ್ತೋ? ಹಾರಿತ್ತು. ನಾನು ಅದನ್ನು ಲೆಕ್ಕಕ್ಕೇ ತೆಗೆದುಕೊಂಡಿರಲಿಲ್ಲ.

"ನೋಡಿ ಕೆಂಪಾಜಮ್ಮ," ಅಂದರು, "ನೀವು ನೋವು ಅಂದ ತಕ್ಷಣ ಇಲ್ಲಿ ಕುದುರೆನ ನಿಲ್ಲಿಸಿಬಿಡ್ತಾರೆ. ಏನೂ ಆಗ್ಲಿಲ್ಲ ಅಂದ್ರೆ, ನಿಲ್ಲಿಸಿದ್ದಕ್ಕೇ ಉಳೀತು ಅಂತಾರೆ. ಹಾಗಾದ್ರೆ ಆ ನೋವು ಕುದುರೇದು ಹೌದೋ ಅಲ್ವೋ ಅಂತ ತಿಳಿಯೋದು ಹೇಗೆ?"

ಇಂಥ ಪ್ರಶ್ನೆ ನಮ್ಮೂರಿನಲ್ಲಿ ಯಾರೂ ಕೇಳಿರಲಿಲ್ಲ. ನನ್ನ ಮಟ್ಟಿಗೆ ಅದು ಪ್ರಶ್ನೆಯೇ ಆಗಿರಲಿಲ್ಲ. ಕುದುರೆಯದಲ್ಲದೆ ಇನ್ನಾರದ್ದು?

ಕುದುರೆಗಳನ್ನು ಓಟಕ್ಕೆ ತಯಾರು ಮಾಡುವ ಬೋಪಯ್ಯ ಸಾಹೇಬರು ಕಡಿಮೆ ಮಾತಿನ ಮನುಷ್ಯ. ಡಾಕ್ಟರು ಹೋಗಿ ಅವರ ಹತ್ತಿರ ನಾಲ್ಕು ದಿನದ ಬೆಳಗಿನ ಹೊತ್ತು ಕೇಳಿದರು. ಹೊಂಗಿಯ ಎದೆಗೆ ಗುಂಡಿಗೆಯ ಗೆರೆ ಹಿಡಿಯುವ ಪಟ್ಟಿ ಕಟ್ಟಿ, ಮೊದಲ ದಿನ ನಡೆಸಿ, ಎರಡನೇ ದಿನ ಮೆಲ್ಲಗೆ ಓಡಿಸಿ, ಪ್ರತಿ ದಿನದ ಗೆರೆ ನೋಡಿ ಸರಿಯಿದ್ದರೆ ಮಾತ್ರ ಮುಂದಕ್ಕೆ. ಸಾಹೇಬರು ನನ್ನ ಕಡೆ ತಿರುಗಿ, ಬೆಂಚಿನಲ್ಲಿ ಬರೆಸಿದ್ದೀಯಾ ಎಂದು ಕೇಳಿದರು. ಇಲ್ಲ ಎಂದೆ. ಹಾಗಾದರೆ ನನಗಿನ್ನೂ ಏನೂ ಗೊತ್ತಿಲ್ಲ, ಐದನೇ ದಿನ ಗೊತ್ತಾಗುತ್ತದೆ ಎಂದು ಟೋಪಿ ಹಾಕಿಕೊಂಡು ಹೊರಟರು. ದಸ್ತಗೀರ ಆ ನಾಲ್ಕು ದಿನ ನನ್ನ ಜೊತೆ ಮಾತು ಬಿಟ್ಟಿದ್ದ. ಹುರುಳಿ ಬಕೆಟ್ಟು ತೆಗೆದುಕೊಳ್ಳುವಾಗ ಕೂಡ ಹಂಡೆಯ ಕಡೆ ನೋಡುತ್ತಿದ್ದನೇ ಹೊರತು ನನ್ನ ಕಡೆ ಅಲ್ಲ.

ನಾಲ್ಕನೇ ಬೆಳಿಗ್ಗೆ ಪೂರಾ ಓಟ. ನಾನು ಸೌಟನ್ನು ಕೈಯಲ್ಲೇ ಹಿಡಿದುಕೊಂಡು ಬೇಲಿಯ ಬಳಿ ನಿಂತಿದ್ದೆ. ಮಂಜಿನೊಳಗಿಂದ ಮೊದಲು ಸದ್ದು ಬಂತು, ಆಮೇಲೆ ಅವಳ ಹಣೆಯ ಬಿಳಿ ಚುಕ್ಕೆ, ಆಮೇಲೆ ಅವಳು. ನಿಂತಾಗ ನಿಮಿಷಕ್ಕೆ ಮೂವತ್ತೆರಡು ಸಲ ಬಡಿಯುವ ಅವಳ ಗುಂಡಿಗೆ ಓಟದಲ್ಲಿ ಇನ್ನೂರ ಹತ್ತು ದಾಟಿತ್ತು ಎಂದು ಡಾಕ್ಟರು ಆಮೇಲೆ ಹೇಳಿದರು. ಅವಳು ನಿಂತು, ಎರಡು ಸುತ್ತು ನಡೆದು, ದಸ್ತಗೀರನ ತೋಳಿಗೆ ಮೂತಿ ಉಜ್ಜುವಷ್ಟರಲ್ಲಿ ಅದು ಅರ್ಧಕ್ಕೆ ಇಳಿದಿತ್ತು. ಒಂದೂ ಹೆಜ್ಜೆ ತಪ್ಪಿರಲಿಲ್ಲ.

ತಪ್ಪಿದ್ದು ನನಗೆ. ಅವಳು ಹಾದುಹೋದ ಮೇಲೆ ಎದೆಯಲ್ಲಿ ಹಕ್ಕಿ ಎದ್ದಿತು. ಬೇಲಿ ಹಿಡಿದುಕೊಂಡೆ, ಸೌಟು ಬಿತ್ತು. ಡಾಕ್ಟರು ನೋಡಿದರು. ಹೊಂಗಿಯ ಎದೆಯ ಪಟ್ಟಿ ಬಿಚ್ಚಿಕೊಂಡು ನನ್ನನ್ನು ಜೀನಿನ ಕೋಣೆಗೆ ಕರೆದುಕೊಂಡು ಹೋಗಿ ಬಾಗಿಲು ಮುಂದೆ ಮಾಡಿದರು. ಪಟ್ಟಿ ಕುದುರೆಯ ಬೆವರಿನಿಂದ ಬೆಚ್ಚಗಿತ್ತು. ನನ್ನ ಎದೆಗೆ ಎರಡು ಸುತ್ತು ಬಂದರೂ ಇನ್ನೂ ಜೋಲುತ್ತಿತ್ತು.

"ಕೊನೇ ತೂತಿಗೆ ಹಾಕಿ ಡಾಕ್ಟ್ರೇ, ಬಕಲ್ ಸ್ವಲ್ಪ ಬಿಗಿ," ಎಂದು ದಸ್ತಗೀರ ಬಾಗಿಲಾಚೆಯಿಂದ ಹೇಳಿದ. ನಾಲ್ಕು ದಿನದ ಮೇಲೆ ಅವನ ಮೊದಲ ಮಾತು.

"ನಾನೇನು ಕುದುರೆಯೇನೋ," ಅಂದೆ.

"ಕುದುರೆ ಆಗಿದ್ರೆ ಇಷ್ಟು ಮಾತಾಡ್ತಿರ್ಲಿಲ್ಲ, ಸುಮ್ನೆ ನಿಲ್ಲಕ್ಕಾ."

ಯಂತ್ರದಿಂದ ಕಾಗದ ಹೊರಬಂತು. ಡಾಕ್ಟರು ಹೊಂಗಿಯ ಕಾಗದವನ್ನು ಅದರ ಪಕ್ಕದಲ್ಲೇ ಹಾಸಿದರು. ಹೊಂಗಿಯದು ಹಗ್ಗ ಹಿಡಿದು ನಾಟಿ ಮಾಡಿದ ರಾಗಿ ಪೈರಿನ ಸಾಲು. ನನ್ನದು ಕೈಗೆ ಬಂದಂತೆ ಎರಚಿದ ಬೀಜ, ಒಂದು ಕಡೆ ಗುಂಪು, ಒಂದು ಕಡೆ ಬಯಲು.

"ಇನ್ ಮೂರು ದಿನಕ್ಕೆ ಅವಳಿಗೂ ಹಿಂಗೇ ಬರ್ತದೆ ಅಲ್ವಾ ಡಾಕ್ಟ್ರಮ್ಮ?" ಅಂದೆ.

"ನಿಮಗೆ ಇದು ಶುರುವಾಗಿ ಒಂದು ತಿಂಗಳು. ಮೂರು ದಿನ ಎಷ್ಟು ಸಲ ಕಳೀತು? ಅವಳಿಗೆ ಬಂದಿಲ್ಲ, ಇವತ್ತು ಪೂರಾ ಓಡಿಸಿದ್ರೂ ಬಂದಿಲ್ಲ." ಅವರು ಕಾಗದ ಕೆಳಗಿಟ್ಟು ನನ್ನ ಕೈ ಹಿಡಿದುಕೊಂಡರು. "ಇದು ಹೊಂಗೀದಲ್ಲ. ಇದು ನಿಮ್ದೇ ಕೆಂಪಾಜಮ್ಮ."

"ನಂದಾ?"

ಐವತ್ತಾರು ವರ್ಷ ಬದುಕಿದ್ದೆ. ಈ ಮೈಯಲ್ಲಿ ನನ್ನದೇ ಆದ ಒಂದು ನೋವು ಇರಬಹುದು ಎಂದು ನನಗೆ ಹೊಳೆದೇ ಇರಲಿಲ್ಲ. ಹೊಂಗಿಗಿಂತ ಮುಂಚೆ ನನಗೆ ಇನ್ನೆರಡು ಕುದುರೆಗಳು ಬಂದು ಹೋಗಿದ್ದವು. ಸೊಂಟ ಹಿಡಿದರೆ ಒಂದರದ್ದು, ಕಣ್ಣು ಕೆಂಪಾದರೆ ಇನ್ನೊಂದರದ್ದು. ನಮ್ಮೂರಲ್ಲಿ ಮನುಷ್ಯರ ಡಾಕ್ಟರೇ ಇಲ್ಲ, ಬೇಕು ಎಂದು ಯಾರಿಗೂ ಅನ್ನಿಸಿಲ್ಲ. ಮೊದಲು ನನಗೆ ಆದದ್ದು ಸಮಾಧಾನ, ಹೊಂಗಿ ಉಳಿದಳಲ್ಲ ಎಂದು. ಆಚೆ ದಸ್ತಗೀರ ಹೊಂಗಿಯ ಕುತ್ತಿಗೆ ತಟ್ಟುವ ಸದ್ದು ಕೇಳುತ್ತಿತ್ತು. ಅದರ ಬೆನ್ನಿಗೇ ಇನ್ನೊಂದು ಯೋಚನೆ ಬಂತು. ಅದು ಬರಬಾರದಿತ್ತು ಎಂದು ಈಗ ಅನ್ನಿಸುವುದಿಲ್ಲ, ಆದರೆ ಆಗ ನಾನು ಜೀನುಗಳ ರಾಶಿಯ ಮೇಲೆ ಕುಳಿತೆ.

"ಹಂಗಾದ್ರೆ ಅವ್ರದ್ದು? ನಮ್ಮ ಯಜಮಾನ್ರದ್ದು?"

ಡಾಕ್ಟರಿಗೆ ಫೋಟೋದ ಕಥೆ ಗೊತ್ತಿತ್ತು. "ನಾನಿರ್ಲಿಲ್ಲ ಆಗ. ಅವರ ಗೆರೆ ನನ್ನ ಹತ್ರ ಇಲ್ಲ. ಗೊತ್ತಿಲ್ಲದ್ದನ್ನ ಗೊತ್ತು ಅಂತ ಹೇಳಲ್ಲ," ಅಂದರು. "ನಿಮ್ದು ಗೊತ್ತು. ಏಳಿ, ಈಗಲೇ ಹೋಗೋಣ."

ಅವರಿಗೆ ನಾನು ಋಣಿ. ನನ್ನ ಗುಂಡಿಗೆಯ ತಪ್ಪು ಹಿಡಿದುಕೊಟ್ಟದ್ದಕ್ಕೆ ಎಷ್ಟೋ, ಆ ಮಾತಿಗೂ ಅಷ್ಟೇ. ಸುಳ್ಳು ಸಮಾಧಾನ ಹೇಳುವುದು ಅವರಿಗೆ ಕಷ್ಟವೇನೂ ಇರಲಿಲ್ಲ.

ನಮ್ಮೂರಲ್ಲಿ ಇದ್ದದ್ದು ಕುದುರೆ ಸಾಗಿಸುವ ವ್ಯಾನು. ಬೋಪಯ್ಯ ಸಾಹೇಬರು ತಾವೇ ಓಡಿಸುತ್ತೇನೆಂದು ಹತ್ತಿದರು. ಹುಲ್ಲಿನ ಮೇಲೆ ಕಂಬಳಿ ಹಾಸಿ ನನ್ನನ್ನು ಮಲಗಿಸಿದರು, ಕುದುರೆ ಮುಗ್ಗರಿಸದ ಹಾಗೆ ಹಾಕಿದ ಅಡ್ಡಪಟ್ಟಿಯನ್ನು ದಸ್ತಗೀರ ನನಗೂ ಹಾಕಿದ. ದಾರಿಯುದ್ದಕ್ಕೂ ಅವನು, "ಅಕ್ಕಾ, ನಾ ಬರ್ಬ್ಯಾಡ ಅಂದೆನಲ್ಲ, ನೀ ನನ್ ಮಾತು ಕೇಳಿ ಸುಮ್ನಿದ್ದಿದ್ರೆ," ಎಂದು ಅರ್ಧಕ್ಕೆ ನಿಲ್ಲಿಸುತ್ತಿದ್ದ, ಮತ್ತೆ ಅದನ್ನೇ ಶುರುಮಾಡುತ್ತಿದ್ದ. ನಿನ್ನ ಮಾತು ಕೇಳಿ ಬೆಂಚಿಗೆ ಹೋಗದಿದ್ದಕ್ಕೇ ಡಾಕ್ಟರ ಹತ್ತಿರ ಹೋದೆ ಕಣೋ, ಬೆಂಚಿಗೇ ಹೋಗಿದ್ದರೆ ಹೊಂಗಿ ಮೆರವಣಿಗೆಗೆ, ನಾನು ಫೋಟೋಗೆ ಎಂದೆ. ಅವನು ನಗಲಿಲ್ಲ. ಅಡ್ಡಪಟ್ಟಿಯನ್ನು ಇನ್ನೊಮ್ಮೆ ಎಳೆದು ನೋಡಿದ.

ಪಕ್ಕದ ಊರಿನ ಆಸ್ಪತ್ರೆಯಲ್ಲಿ ಮನುಷ್ಯರ ಡಾಕ್ಟರು ಇದನ್ನು ಕಂಡುಹಿಡಿದವರು ಯಾರು ಎಂದು ಕೇಳಿದರು. ಕುದುರೆ ಡಾಕ್ಟರು ಎಂದಾಗ ನಕ್ಕರು, ಕಾಗದ ನೋಡಿದ ಮೇಲೆ ನಗಲಿಲ್ಲ. ಗುಂಡಿಗೆ ಹೀಗೆ ತಾಳ ತಪ್ಪಿ ಬಡಿದರೆ ಒಳಗೆ ರಕ್ತ ಹೆಪ್ಪುಗಟ್ಟಿ ತಲೆಗೆ ಹೋಗುವುದೂ ಉಂಟು, ಒಳ್ಳೆ ಹೊತ್ತಿಗೆ ಬಂದಿರಿ ಎಂದರು. ಎರಡು ಬಗೆಯ ಮಾತ್ರೆ ಬರೆದುಕೊಟ್ಟರು, ಒಂದು ವಾರ ಅಲ್ಲಿಯೇ ಇಟ್ಟುಕೊಂಡರು. ಭಾನುವಾರ ರೇಸು ಮುಗಿಯಿತು. ಸೋಮವಾರ ದಸ್ತಗೀರ ಬಂದು ಮಂಚದ ಕಾಲ ಬಳಿ ನಿಂತು, ಹೊಂಗಿ ಮೂರನೆಯವಳಾಗಿ ಬಂದಳು, ಆದರೆ ನಿಂತ ಮೇಲೆ ಅವಳ ಉಸಿರಾಟ ನೋಡಬೇಕಿತ್ತು, ಮನೆಯಿಂದ ಅಂಗಡಿಗೆ ಹೋಗಿಬಂದ ಹಾಗೆ, ಎಂದ. ಅದನ್ನು ಹೇಳುವಾಗ ಅವನು ತನ್ನದೇ ಮೂಗಿನ ಹೊಳ್ಳೆ ಅರಳಿಸಿ ತೋರಿಸಿದ. ಪಕ್ಕದ ಮಂಚದ ಹೆಂಗಸು ಸೆರಗು ಬಾಯಿಗೆ ಹಿಡಿದು ನಕ್ಕಳು.

ನಾನು ಊರಿಗೆ ಮರಳುವಷ್ಟರಲ್ಲಿ ಬೆಂಚಿನ ಪದ್ಧತಿ ಸ್ವಲ್ಪ ಬದಲಾಗಿತ್ತು. ಯಾರು ಬಂದು ಏನು ಹೇಳಿದರೂ ಡಾಕ್ಟರು ಮೊದಲು ಅವರನ್ನು ನೋಡುತ್ತಾರೆ, ಆಮೇಲೆ ಕುದುರೆಯನ್ನು. ಸಂಶಯವಿದ್ದರೆ ವ್ಯಾನು ಪಕ್ಕದ ಊರಿಗೆ ಹೋಗುತ್ತದೆ. ಮೊದಲ ವಾರವೇ ಚೂಡಪ್ಪನ ಕಾಲುರಿ ಕುದುರೆಯದಲ್ಲ, ಸಕ್ಕರೆ ಕಾಯಿಲೆ ಎಂದು ತಿಳಿದು ಅವನ ಜಂಬ ನೋಡಬೇಕಿತ್ತು. ಹೋದವರು ಬಂದವರಿಗೆಲ್ಲ, ನನ್ನದು ಸ್ವಂತದ್ದು ಕಣ್ರೀ ಎನ್ನುತ್ತಿದ್ದ, ಹೊಸ ಮನೆ ಕಟ್ಟಿಸಿದವರ ಹಾಗೆ. ಟೈಲರ್ ನಂಜುಂಡಪ್ಪನಿಗೆ ಬೆರಳು ಇನ್ನೂ ಕುದುರೆಯದೇ ಎಂದು ಕೊಂಚ ಬೇಜಾರು. ಕುದುರೆಯ ನೋವಿಗೆ ಮೊದಲಿನಂತೆ ಒಂದಚ್ಚು ಬೆಲ್ಲ. ಸ್ವಂತದ್ದಕ್ಕೆ ಏನು ಕೊಡುವುದು ಎಂದು ಇನ್ನೂ ತೀರ್ಮಾನವಾಗಿಲ್ಲ, ಚೂಡಪ್ಪನಿಗಂತೂ ಬೆಲ್ಲ ಕೊಡುವ ಹಾಗಿಲ್ಲ.

ಬೋಪಯ್ಯ ಸಾಹೇಬರು ನನ್ನನ್ನು ಆಫೀಸಿಗೆ ಕರೆಸಿ, ಫೋಟೋ ಕೆಳಗಿಳಿಸಬೇಕೇ ಎಂದು ಮೆಲ್ಲಗೆ ಕೇಳಿದರು. ನಾನು ಅದನ್ನು ತುಂಬ ಹೊತ್ತು ನೋಡಿದೆ. ಹತ್ತೊಂಬತ್ತು ವರ್ಷ ಆ ಮನುಷ್ಯನನ್ನು ನಾನು ಕುದುರೆಯ ಪಕ್ಕದಲ್ಲೇ ನೋಡಿದ್ದು, ನೋವಿದ್ದ ಮನುಷ್ಯ ಎಂದು ನೋಡಿರಲೇ ಇಲ್ಲ. ಆ ಮೂರು ದಿನ ಅವರ ಎದೆಗೆ ಒಂದು ಸಲ ಕೈಯಿಟ್ಟು ನೋಡಿದವಳಲ್ಲ, ಗುಡುಗು ಹೇಗಿದೆ ಎಂದು ವಿಚಾರಿಸಿಕೊಂಡು ಬಂದವಳು. ಇರಲಿ ಬಿಡಿ ಸಾರ್ ಎಂದೆ. ನೋವು ಯಾರದ್ದೇ ಆಗಿರಲಿ, ಎದೆ ಹಿಡಿದುಕೊಂಡು ಅಷ್ಟು ದೂರ ನಡೆದು ಅವರು ಬೆಂಚಿಗೆ ಹೋದದ್ದು ಗುಡುಗಿಗಾಗಿ. ಅದು ಸುಳ್ಳಲ್ಲವಲ್ಲ.

ಮಾರನೇ ಬೆಳಿಗ್ಗೆ ಮಾತ್ರೆ ನುಂಗಿ ಒಲೆ ಹಚ್ಚಿದೆ. ಮನೆಯಿಂದ ಬರುವಾಗ ಅಟ್ಟಣಿಗೆಯ ಡಬ್ಬಿಯನ್ನು ತಂದಿದ್ದೆ. ಬಕೆಟ್ಟು ತುಂಬಿಸಿಕೊಳ್ಳಲು ಬಂದ ದಸ್ತಗೀರ ನಾನು ಮುಚ್ಚಳ ತೆಗೆಯುವುದನ್ನು ನೋಡಿ ನಿಂತ. ಬೆಲ್ಲ ಕಪ್ಪಾಗಿ ಕಲ್ಲಿನಂತೆ ಗಟ್ಟಿಯಾಗಿತ್ತು. ಅಂಚಿನಲ್ಲಿ ಅಚ್ಚಿನ ಗೆರೆ ಮಾತ್ರ ಇನ್ನೂ ಹಾಗೇ ಇತ್ತು.

"ಅಕ್ಕಾ, ಅದು ಯಜಮಾನ್ರದ್ದಲ್ವಾ?"

"ಹೂಂ," ಅಂದೆ. "ಅವ್ರದ್ದೇ."

ಹಂಡೆಗೆ ಹಾಕಿದೆ. ಕರಗಲು ಹೊತ್ತು ಹಿಡಿಯಿತು, ಸೌಟಿಗೆ ತಗಲುತ್ತಾ ತಗಲುತ್ತಾ ಕೊನೆಗೆ ತಗಲುವುದು ನಿಂತಿತು. ಆ ಬೆಳಿಗ್ಗೆ ನಲವತ್ತೆರಡು ಕುದುರೆಗಳೂ ತಿಂದವು. ಹೊಂಗಿ ತನ್ನ ಬಕೆಟ್ಟಿನ ತಳವನ್ನು ಎಷ್ಟು ಹೊತ್ತು ನೆಕ್ಕಿದಳೆಂದರೆ ಅದು ಮಗುಚಿ ಅಂಗಳದುದ್ದಕ್ಕೂ ಉರುಳಿಕೊಂಡು ಹೋಗಿ ಗೇಟಿನ ಬೆಂಚಿಗೆ ಬಡಿದು ನಿಂತಿತು.